ಕೌದಿ ಹೊಲಿದು ಮಾರುವ ಮುನ್ನ: ಕೂಲಿ, ಕಂತು ಮತ್ತು ಗಡಿಯ ಲೆಕ್ಕ



ಜತ್ತ, ಅಕ್ಕಲಕೋಟ, ಸೊಲ್ಲಾಪುರ ಭಾಗದ ನಮ್ಮ ಮನೆಗಳಲ್ಲಿ ಕೌದಿ ಹೊಲಿಯುವುದು ಹೊಸದೇನಲ್ಲ. ಗಿರಾಕಿ ಹಳೆಯ ಸೀರೆ, ಧೋತರ ತಂದುಕೊಡುತ್ತಾರೆ. ಹೊಲಿದವರು ಕೂಲಿ ಪಡೆಯುತ್ತಾರೆ. ಇದನ್ನೇ ಉದ್ಯೋಗವಾಗಿ ಮಾಡಿಕೊಳ್ಳಲು ಸಾಲ ಎಲ್ಲಿ ಸಿಗುತ್ತದೆ ಎಂದು ಹಲವು ತಾಯಂದಿರು ಸಂಘವನ್ನು ವಿಚಾರಿಸಿದ್ದಾರೆ. ಸಾಲಕ್ಕಿಂತ ಮೊದಲು ನೋಡಬೇಕಾದ ಕೆಲವು ವಿಷಯಗಳನ್ನು ಇಲ್ಲಿ ತಿಳಿಸುತ್ತಿದ್ದೇವೆ. ಬುಟ್ಟಿ, ಚಾಪೆ, ಗೊಂಬೆ ಮಾಡುವ ಇತರ ಗಡಿ ಊರಿನವರಿಗೂ ಇವು ಉಪಯೋಗಕ್ಕೆ ಬರುತ್ತವೆ.

ಮೊದಲನೆಯದು ಕೂಲಿ. ಉದಾಹರಣೆಗೆ, ಒಂದು ಕೌದಿಗೆ ಅರಿವೆ, ದಾರ ಸೇರಿ 700 ರೂಪಾಯಿ, ಕೈಹೊಲಿಗೆಗೆ 8 ದಿನ ಎಂದುಕೊಳ್ಳೋಣ. ದಿನಕ್ಕೆ 250 ರೂಪಾಯಿಯಂತೆ ಕೂಲಿ 2,000. ಒಟ್ಟು ಖರ್ಚು 2,700. ಅದನ್ನು 1,800ಕ್ಕೆ ಮಾರಿದರೆ ಕೈಯಲ್ಲಿ 1,100 ಉಳಿಯಿತೆಂದು ತೋರುತ್ತದೆ. ನಿಜದಲ್ಲಿ 900 ರೂಪಾಯಿ ಕೂಲಿ ಕಳೆದುಕೊಂಡಂತಾಯಿತು. ಮನೆಯವರ ದುಡಿಮೆಗೂ ಬೆಲೆ ಕಟ್ಟಿ ಬರೆದಿಡಿ.

ಎರಡನೆಯದು ಸಿಕ್ಕಿಬೀಳುವ ಹಣ. ಕೂಲಿ ಕೆಲಸದಲ್ಲಿ ಅರಿವೆ ಗಿರಾಕಿಯದು. ಮಾರಾಟಕ್ಕೆ ಹೊಲಿಯುವಾಗ ನಾವೇ ಕೊಳ್ಳಬೇಕು. ಕೌದಿ ಹೆಚ್ಚು ಹೋಗುವುದು ಚಳಿಗಾಲಕ್ಕೆ. ಅರಿವೆಗೆ ಹಣ ಹಾಕುವುದು ಬೇಸಿಗೆಯಲ್ಲೇ. ಅಂಗಡಿಯವರು ಉದ್ರಿ ಕೇಳಿದರೆ ಇನ್ನಷ್ಟು ದಿನ ಕಾಯಬೇಕು.

ಮೂರನೆಯದು ಸಾಲ. ಮುದ್ರಾ ಯೋಜನೆಯ ಶಿಶು ವರ್ಗದಲ್ಲಿ 50,000 ರೂಪಾಯಿವರೆಗೆ ಜಾಮೀನಿಲ್ಲದೆ ಸಾಲ ಉಂಟು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ದರ್ಜಿ, ಕುಂಬಾರ, ಬುಟ್ಟಿ-ಚಾಪೆ ಮಾಡುವವರು, ಗೊಂಬೆ ಮಾಡುವವರು ಅದರಲ್ಲಿ ಸೇರಿದ್ದಾರೆ. ಕೈಮಗ್ಗದ ನೇಕಾರರು ಸೇರಿಲ್ಲ. ತರಬೇತಿಯ ನಂತರ ಮೊದಲ ಕಂತಾಗಿ 1 ಲಕ್ಷದವರೆಗೆ ಶೇ. 5ರ ಬಡ್ಡಿಯಲ್ಲಿ ಸಾಲ, ತೀರಿಸಲು 18 ತಿಂಗಳು. ಪೂರ್ತಿ 1 ಲಕ್ಷ ಪಡೆದರೆ ಅಸಲೇ ತಿಂಗಳಿಗೆ 5,500 ರೂಪಾಯಿ ದಾಟುತ್ತದೆ. ವ್ಯಾಪಾರ ಚಳಿಗಾಲದ್ದು, ಕಂತು ಪ್ರತಿ ತಿಂಗಳದ್ದು. ಆದ್ದರಿಂದ ಸಿಗುವಷ್ಟು ಸಾಲ ಪಡೆಯುವ ಬದಲು, ಮಾರಾಟವಿಲ್ಲದ ತಿಂಗಳಲ್ಲೂ ಕಟ್ಟಬಲ್ಲಷ್ಟು ಮಾತ್ರ ಪಡೆಯಿರಿ. ಅಲ್ಪ ಮೊತ್ತಕ್ಕೆ ನಿಮ್ಮ ಬಚತ್ ಗಟ್, ಕಾಸರಗೋಡಿನವರಿಗೆ ಕುಟುಂಬಶ್ರೀ, ಒಳ್ಳೆಯ ಆರಂಭ.

ನಾಲ್ಕನೆಯದು ಗಡಿ. ಜತ್ತದವರಿಗೆ ವಿಜಯಪುರದ ಪೇಟೆ ಪಕ್ಕದ್ದೇ, ಆದರೆ ಕಾಗದದಲ್ಲಿ ಅದು ಬೇರೆ ರಾಜ್ಯ. ಮಹಾರಾಷ್ಟ್ರದೊಳಗೇ ಸರಕು ಮಾರುವವರಿಗೆ ಸಾಮಾನ್ಯವಾಗಿ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಡ. ಹೊರರಾಜ್ಯಕ್ಕೆ ಮಾರುವುದಾದರೆ ವಹಿವಾಟು ಎಷ್ಟೇ ಇರಲಿ ನೋಂದಣಿ ಬೇಕೆಂಬುದು ಸಾಮಾನ್ಯ ನಿಯಮ. ಸರ್ಕಾರದ ಪಟ್ಟಿಯಲ್ಲಿರುವ ಕರಕುಶಲ ವಸ್ತುಗಳಿಗೆ ಇದರಲ್ಲಿ 20 ಲಕ್ಷದವರೆಗೆ ವಿನಾಯಿತಿ ಇದೆ. ಆದರೆ ಪ್ಯಾನ್ ಇರಬೇಕು, ಮತ್ತು ಸರಕಿನ ಬೆಲೆ ಎಷ್ಟೇ ಕಡಿಮೆ ಇದ್ದರೂ ಈ-ವೇ ಬಿಲ್ ಮಾಡಿಸಬೇಕು. ನಿಮ್ಮ ವಸ್ತು ಆ ಪಟ್ಟಿಯಲ್ಲಿದೆಯೇ ಎಂದು ತೆರಿಗೆ ಸಲಹೆಗಾರರನ್ನು ಮೊದಲೇ ಕೇಳಿಕೊಳ್ಳಿ.

ಕೊನೆಯದು ಹೆಸರು. ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಹೆಸರು ಒಂದೇ ರೀತಿ ಇರಲಿ. ನಮ್ಮಲ್ಲಿ ಒಂದು ಕಡೆ ತಂದೆಯ ಹೆಸರು ನಡುವೆ, ಇನ್ನೊಂದು ಕಡೆ ಬರೀ ಇನಿಷಿಯಲ್ ಇರುತ್ತದೆ. ಮದುವೆಯ ನಂತರ ಅಡ್ಡಹೆಸರೂ ಬದಲಾಗಿರುತ್ತದೆ. ಇಷ್ಟಕ್ಕೇ ಅರ್ಜಿ ಹಿಂದೆ ಬರುತ್ತದೆ. ಉದ್ಯಮ್ ನೋಂದಣಿಗೆ ಸರ್ಕಾರಿ ಶುಲ್ಕವಿಲ್ಲ ಎಂಬುದೂ ನೆನಪಿರಲಿ.

ಅರ್ಜಿ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇದ್ದು ತಿಳಿಯದಿದ್ದರೆ, ಸಹಿ ಮಾಡುವ ಮುನ್ನ ಸಂಘದ ಕಚೇರಿಗೆ ತನ್ನಿ. ಓದಿ, ಕನ್ನಡದಲ್ಲಿ ವಿವರಿಸಿ ಹೇಳುತ್ತೇವೆ. ಜೊತೆಗೆ ನಿಮ್ಮ ಕೂಲಿಯ ಲೆಕ್ಕದ ಹಾಳೆಯೂ ಇರಲಿ.

— ಕಾರ್ಯದರ್ಶಿ