ಪಾರ್ಸೆಲ್ ಲಾಕರ್: ಬೀಗ ಹಾಕಿದ ಮನೆಯ ಮುಂದಿನ ಲೆಕ್ಕ

ಅಂತರ್ಜಾಲದ ಮೂಲಕ ನಡೆಯುವ ವ್ಯಾಪಾರದಲ್ಲಿ ಸರಕನ್ನು ನೂರಾರು ಕಿಲೋಮೀಟರು ಸಾಗಿಸುವುದಕ್ಕಿಂತಲೂ ಕೊನೆಯ ಎರಡು ಮೂರು ಕಿಲೋಮೀಟರು ದಾಟಿಸಿ ಗ್ರಾಹಕರ ಕೈಗೆ ಒಪ್ಪಿಸುವುದೇ ಹೆಚ್ಚು ಕಷ್ಟದ, ಹೆಚ್ಚು ಖರ್ಚಿನ ಕೆಲಸವೆಂಬುದು ಈ ವ್ಯವಹಾರಕ್ಕೆ ಇಳಿದಿರುವ ವರ್ತಕ ಬಾಂಧವರಿಗೆಲ್ಲ ಅನುಭವವೇದ್ಯವಾದ ಸಂಗತಿ. ಇಳಕಲ್‌ನಿಂದ ಹೊರಟ ಸೀರೆಯೊಂದು ನೂರಾರು ಪೊಟ್ಟಣಗಳ ಜೊತೆಗೆ ಒಂದೇ ಲಾರಿಯಲ್ಲಿ ಬೆಂಗಳೂರು ತಲುಪುತ್ತದೆ. ಅಲ್ಲಿಯವರೆಗೆ ಅದರ ಪಾಲಿಗೆ ಬೀಳುವ ಸಾಗಣೆ ವೆಚ್ಚ ಅಲ್ಪ. ಅಲ್ಲಿಂದ ಮುಂದೆ ಒಬ್ಬ ಕೊರಿಯರ್ ನೌಕರನು ಅದನ್ನು ಬೈಕಿನಲ್ಲಿ ಹೊತ್ತು, ಅಡ್ಡರಸ್ತೆ ಹುಡುಕಿ, ಮೂರನೆಯ ಮಹಡಿ ಹತ್ತಿ, ಬಾಗಿಲಿಗೆ ಬೀಗ ಬಿದ್ದಿರುವುದನ್ನು ಕಂಡು ಹಿಂದಿರುಗಿದನೆಂದರೆ, ಅದುವರೆಗಿನ ಉಳಿತಾಯವೆಲ್ಲ ಆ ಮೆಟ್ಟಿಲುಗಳ ಮೇಲೆಯೇ ಕರಗಿದಂತೆ.

ಉದಾಹರಣೆಗೆ, ಸಣ್ಣ ತಯಾರಕರೊಬ್ಬರು 600 ರೂಪಾಯಿ ಬೆಲೆಯ ಪದಾರ್ಥವನ್ನು ತಮ್ಮದೇ ಜಾಲತಾಣದ ಮೂಲಕ ಮಾರುತ್ತಾರೆಂದೂ, ಎಲ್ಲ ಖರ್ಚು ಕಳೆದು ಅವರಿಗೆ 90 ರೂಪಾಯಿ ಲಾಭ ಉಳಿಯುತ್ತದೆಂದೂ ಇಟ್ಟುಕೊಳ್ಳೋಣ. ಹೋಗುವಾಗ 60, ಮರಳಿ ಬರುವಾಗ 60, ಕೆಟ್ಟುಹೋದ ಪ್ಯಾಕಿಂಗ್‌ಗೆ 15. ಹೀಗೆ ಬಟವಾಡೆಯಾಗದೆ ಹಿಂದಿರುಗಿದ ಪೊಟ್ಟಣವೊಂದು 135 ರೂಪಾಯಿಯನ್ನು ನುಂಗುತ್ತದೆ. ಒಂದು ಸರಕು ಮರಳಿ ಬಂದರೆ ಒಂದೂವರೆ ಸರಕಿನ ಲಾಭ ಹೋಯಿತು. ಸರಕು ದಾರಿಯಲ್ಲಿದ್ದಷ್ಟು ದಿನವೂ ಅದರಲ್ಲಿ ತೊಡಗಿದ ಬಂಡವಾಳ ನಿಷ್ಕ್ರಿಯವಾಗಿ ಬಿದ್ದಿರುತ್ತದೆ. ದೊಡ್ಡ ಕಂಪನಿಗಳು ಈ ನಷ್ಟವನ್ನು ಸಹಿಸಬಲ್ಲವು. ತಿಂಗಳಿಗೆ ಇನ್ನೂರು ಮುನ್ನೂರು ಪೊಟ್ಟಣ ಕಳುಹಿಸುವವರಿಗೆ ಇದು ಅಳಿವು ಉಳಿವಿನ ಪ್ರಶ್ನೆ.

ಈ ಸಮಸ್ಯೆಗೆ ಯುರೋಪಿನಲ್ಲಿ ಕಂಡುಕೊಂಡ ಪರಿಹಾರವೇ ಪಾರ್ಸೆಲ್ ಲಾಕರ್. ಬಸ್ ನಿಲ್ದಾಣ, ಪೆಟ್ರೋಲ್ ಬಂಕ್, ದಿನಸಿ ಮಳಿಗೆಗಳ ಮುಂದೆ ನಿಲ್ಲಿಸಿದ, ಹತ್ತಾರು ಬಾಗಿಲುಗಳುಳ್ಳ ಉಕ್ಕಿನ ಕಪಾಟು ಇದು. ಕೊರಿಯರ್ ನೌಕರನು ಪೊಟ್ಟಣವನ್ನು ಒಂದು ಖಾನೆಯಲ್ಲಿರಿಸಿ ಬಾಗಿಲು ಮುಚ್ಚಿದೊಡನೆ ಗ್ರಾಹಕರ ಮೊಬೈಲಿಗೆ ಸಂಕೇತ ಸಂಖ್ಯೆಯೊಂದು ರವಾನೆಯಾಗುತ್ತದೆ. ಅವರು ತಮಗೆ ಅನುಕೂಲವಾದ ವೇಳೆಗೆ ಬಂದು ಆ ಸಂಖ್ಯೆಯನ್ನು ಒತ್ತಿದರೆ ಆ ಒಂದು ಖಾನೆಯ ಬಾಗಿಲು ಮಾತ್ರ ತೆರೆದುಕೊಳ್ಳುತ್ತದೆ. ಜರ್ಮನಿಯ ಅಂಚೆ ಸಂಸ್ಥೆ 2000ರ ದಶಕದ ಆರಂಭದಲ್ಲಿಯೇ 'ಪ್ಯಾಕ್‌ಸ್ಟೇಷನ್' ಎಂಬ ಹೆಸರಿನಲ್ಲಿ ಡಾರ್ಟ್‌ಮಂಡ್ ಮತ್ತು ಮೈಂಟ್ಸ್ ನಗರಗಳಲ್ಲಿ ಇದರ ಪ್ರಯೋಗ ನಡೆಸಿತ್ತು. ಆದರೆ ಇದನ್ನು ಜನಸಾಮಾನ್ಯರ ನಿತ್ಯದ ಅಭ್ಯಾಸವನ್ನಾಗಿ ಮಾಡಿದ ಕೀರ್ತಿ ಪೋಲೆಂಡ್ ದೇಶಕ್ಕೆ ಸಲ್ಲಬೇಕು.

ಪೋಲೆಂಡಿನ ದಾರಿ

ಇನ್‌ಪೋಸ್ಟ್ ಸಂಸ್ಥೆಯ ಸ್ಥಾಪಕ ರಫಾವ್ ಬ್ಜೋಸ್ಕಾ ಅವರು 1999ರಲ್ಲಿ ಕ್ರಾಕೋವ್ ನಗರದಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಜಾಹೀರಾತು ಕರಪತ್ರ ಹಂಚುವ ಉದ್ಯೋಗ ಆರಂಭಿಸಿದವರು. ಮುಂದೆ ಅವರು ಕೈಹಾಕಿದ್ದು ಕಾಗದಪತ್ರಗಳ ಬಟವಾಡೆಗೆ. ಆಗ ಪೋಲೆಂಡಿನಲ್ಲಿ 50 ಗ್ರಾಂವರೆಗಿನ ಪತ್ರಗಳು ಸರ್ಕಾರಿ ಅಂಚೆಯ ಏಕಸ್ವಾಮ್ಯಕ್ಕೆ ಸೇರಿದ್ದವು. ಇನ್‌ಪೋಸ್ಟ್ ಪತ್ರಗಳಿಗೆ ಸಣ್ಣ ಲೋಹದ ತಗಡು ಅಂಟಿಸಿ ತೂಕವನ್ನು 50 ಗ್ರಾಂ ದಾಟಿಸಿ, ಕಾನೂನಿನ ಚೌಕಟ್ಟಿನೊಳಗೇ ವ್ಯವಹಾರ ನಡೆಸಿತು! ಆ ಏಕಸ್ವಾಮ್ಯ 2012ರ ಅಂತ್ಯಕ್ಕೆ ಮುಗಿಯಿತು. ಪತ್ರಗಳ ವ್ಯವಹಾರ ಕೊನೆಗೂ ಕೈಗೂಡದೆ 2016ರಲ್ಲಿ ಸಂಸ್ಥೆ ಅದರಿಂದ ಹಿಂದೆ ಸರಿದದ್ದು ಬೇರೆ ಮಾತು. ಅದನ್ನು ಉಳಿಸಿದ್ದು 2009ರಿಂದ ಸ್ಥಾಪಿಸುತ್ತ ಬಂದಿದ್ದ 'ಪಾಚ್ಕೋಮಾಟ್' ಎಂಬ ಲಾಕರುಗಳು. ಇಂದು ಪೋಲೆಂಡ್ ಒಂದರಲ್ಲೇ ಅವುಗಳ ಸಂಖ್ಯೆ 20 ಸಾವಿರಕ್ಕೂ ಅಧಿಕ. ಆ ದೇಶದ ಜನಸಂಖ್ಯೆ ಸುಮಾರು 3.8 ಕೋಟಿ, ಅಂದರೆ ಕರ್ನಾಟಕದ್ದಕ್ಕಿಂತ ಬಹಳ ಕಡಿಮೆ ಎಂಬುದನ್ನು ಗಮನಿಸಬೇಕು.

ಇಲ್ಲಿ ಯಂತ್ರಕ್ಕಿಂತ ಮುಖ್ಯವಾದುದು ವ್ಯವಸ್ಥೆ. ಖಾನೆಗಳು ಮೂರೇ ಅಳತೆಯವು. 38 ಸೆಂಟಿಮೀಟರು ಅಗಲ, 64 ಸೆಂಟಿಮೀಟರು ಆಳ ಎಲ್ಲಕ್ಕೂ ಸಮಾನ, ಎತ್ತರ ಮಾತ್ರ 8, 19 ಅಥವಾ 41 ಸೆಂಟಿಮೀಟರು. ಸಣ್ಣ ಮಾರಾಟಗಾರರು ಮೊದಲೇ ತಮ್ಮ ಪೆಟ್ಟಿಗೆಗಳನ್ನು ಈ ಅಳತೆಗೆ ಹೊಂದಿಸಿಕೊಳ್ಳಬಹುದು. ಸಾಮಾನ್ಯವಾಗಿ 48 ಗಂಟೆಯೊಳಗೆ ಗ್ರಾಹಕರು ಸರಕನ್ನು ಒಯ್ಯಬೇಕು. ಖಾನೆ ಬೇಗ ಖಾಲಿಯಾದಷ್ಟೂ ಅದರ ದುಡಿಮೆ ಹೆಚ್ಚು. ಒಂದೇ ಕಡೆ ಹತ್ತಾರು ಪೊಟ್ಟಣ ಇಳಿಸುವ ನೌಕರನು ಮನೆಮನೆ ಅಲೆಯುವವನಿಗಿಂತ ಹಲವು ಪಟ್ಟು ಕೆಲಸ ಮುಗಿಸುತ್ತಾನೆ. ಲಾಕರು ಮನೆಯಿಂದ ನಡೆದು ಹೋಗುವಷ್ಟು ಹತ್ತಿರವಿದ್ದರೆ ಮಾತ್ರ ಗ್ರಾಹಕರು ಅದನ್ನು ಆರಿಸಿಕೊಳ್ಳುತ್ತಾರೆ. ಆದುದರಿಂದ ಊರಿಗೊಂದು ಲಾಕರು ನಿಲ್ಲಿಸಿ ಫಲಿತಾಂಶ ನೋಡುತ್ತೇವೆನ್ನುವವರಿಗೆ ನಿರಾಶೆ ಕಟ್ಟಿಟ್ಟದ್ದು.

ಬಾಡಿಗೆ ಯಾರಿಂದ ವಸೂಲು ಮಾಡಬೇಕೆಂಬುದೂ ಸೂಕ್ಷ್ಮ ವಿಚಾರ. ಚೀನಾದ ಹೈವ್ ಬಾಕ್ಸ್ ಸಂಸ್ಥೆ 2020ರ ಏಪ್ರಿಲ್ ಕೊನೆಯಲ್ಲಿ, 12 ಗಂಟೆ ಮೀರಿ ಖಾನೆಯಲ್ಲಿ ಉಳಿದ ಪೊಟ್ಟಣಗಳಿಗೆ ಗ್ರಾಹಕರಿಂದ ಅರ್ಧ ಯುವಾನ್ ಶುಲ್ಕ ವಿಧಿಸಿತು. ಮೊತ್ತ ಅತ್ಯಲ್ಪ. ಆದರೂ ಹಾಂಗ್‌ಝೌ, ಶಾಂಘೈ ನಗರಗಳ ಕೆಲವು ವಸತಿ ಸಮುಚ್ಚಯಗಳ ನಿವಾಸಿಗಳು ತಮ್ಮ ಆವರಣದ ಲಾಕರುಗಳನ್ನೇ ಬಹಿಷ್ಕರಿಸಿದರು. ಕೇಳದೆಯೇ ಪೊಟ್ಟಣವನ್ನು ಲಾಕರಿನಲ್ಲಿಟ್ಟು ಹೋಗಿ, ಮೇಲೆ ನಮ್ಮಿಂದಲೇ ಹಣ ಕೇಳುವುದೇನು ನ್ಯಾಯ ಎಂಬುದು ಅವರ ಪ್ರಶ್ನೆ. ಸಂಸ್ಥೆ ಅವಧಿಯನ್ನು 18 ಗಂಟೆಗೆ ವಿಸ್ತರಿಸಬೇಕಾಯಿತು. ಲಾಕರು ಗ್ರಾಹಕರ ಆಯ್ಕೆಯಾಗಿರಬೇಕೇ ಹೊರತು ಕೊರಿಯರ್ ಸಂಸ್ಥೆಯ ಸೋಮಾರಿತನಕ್ಕೆ ಮರೆಯಾಗಬಾರದು.

ನಮ್ಮಲ್ಲಿ ಏಕೆ ಬೇರೂರಲಿಲ್ಲ?

ಈ ಯೋಜನೆ ನಮಗೆ ಹೊಸದಲ್ಲ. 2015ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕ್ವಿಕ್‌ಪಾಡ್ ಸಂಸ್ಥೆಯಲ್ಲಿ ಫಾಕ್ಸ್‌ಕಾನ್, ಫ್ಲಿಪ್‌ಕಾರ್ಟ್‌ನಂತಹ ದೊಡ್ಡ ಕಂಪನಿಗಳು ಬಂಡವಾಳ ತೊಡಗಿಸಿದ್ದವು. ಅಂಚೆ ಇಲಾಖೆ 2021ರಲ್ಲಿ ಕೋಲ್ಕತ್ತದ ಅಂಚೆ ಕಚೇರಿಗಳಲ್ಲಿ ಲಾಕರುಗಳನ್ನಿರಿಸಿತು. 2024ರಲ್ಲಿ ಬ್ಲೂ ಡಾರ್ಟ್ ಸಂಸ್ಥೆಯೊಡನೆ ಕೈಜೋಡಿಸಿತು. ಆದರೂ ಲಾಕರಿನಿಂದ ಸರಕು ಒಯ್ಯುವ ರೂಢಿ ನಮ್ಮ ಊರುಗಳಲ್ಲಿ ಇನ್ನೂ ಬೆಳೆದಿಲ್ಲ.

ಕಾರಣಗಳು ಸ್ಪಷ್ಟ. ಬಟವಾಡೆ ನೌಕರರ ಕೂಲಿ ಇಲ್ಲಿ ಯುರೋಪಿಗಿಂತ ಬಹಳ ಕಡಿಮೆ. ಯಂತ್ರದ ಉಳಿತಾಯವೂ ಅಷ್ಟೇ ಕಡಿಮೆ. ಮನೆಯವರಿಲ್ಲದಿದ್ದರೆ ಪಕ್ಕದ ಮನೆಯವರೋ, ವಸತಿ ಸಮುಚ್ಚಯದ ಕಾವಲುಗಾರರೋ ಪೊಟ್ಟಣ ಇರಿಸಿಕೊಳ್ಳುತ್ತಾರೆ. ಎಲ್ಲಕ್ಕಿಂತ ಮಿಗಿಲಾಗಿ, ಸರಕು ಕೈಸೇರಿದ ಮೇಲೆ ಹಣ ಕೊಡುವ ಪದ್ಧತಿ. ಫ್ಲಿಪ್‌ಕಾರ್ಟ್ 2010ರಲ್ಲಿ ಇದನ್ನು ಆರಂಭಿಸಿದ ಮೇಲೆಯೇ ಸಾಮಾನ್ಯ ಗ್ರಾಹಕರಿಗೆ ಅಂತರ್ಜಾಲ ವ್ಯಾಪಾರದಲ್ಲಿ ನಂಬಿಕೆ ಕುದುರಿದ್ದು. ಉಕ್ಕಿನ ಕಪಾಟು ನಗದು ಎಣಿಸಿ ಚಿಲ್ಲರೆ ಕೊಡಲಾರದು. 2016ರಲ್ಲಿ ಯುಪಿಐ ಬಂದ ನಂತರ ಈ ತೊಡಕು ಸಡಿಲವಾಗಿದೆ: ಕ್ಯೂಆರ್ ಸಂಕೇತಕ್ಕೆ ಹಣ ಸಂದಾಯವಾದ ಮೇಲಷ್ಟೇ ಬಾಗಿಲು ತೆರೆಯುವಂತೆ ಮಾಡುವುದು ಈಗ ತಾಂತ್ರಿಕವಾಗಿ ಕಠಿಣವೇನಲ್ಲ. ಆದರೆ ಹಣ ಕೊಡುವ ಮುನ್ನ ಪೊಟ್ಟಣವನ್ನು ಕಣ್ಣಾರೆ ಕಾಣಬೇಕೆಂಬ ಗ್ರಾಹಕರ ಮನಸ್ಸು ಯುಪಿಐನಿಂದ ಬದಲಾಗುವುದಿಲ್ಲ.

ಆದಕಾರಣ ಈ ಲೇಖಕನ ಅಭಿಪ್ರಾಯದಲ್ಲಿ ನಮ್ಮ ಸಣ್ಣ ಊರುಗಳಿಗೆ ಮೊದಲು ಒಗ್ಗುವುದು ಲಾಕರಿಗಿಂತ ಅಂಗಡಿಯೇ. ಫ್ರಾನ್ಸ್‌ನ ಮೊಂಡಿಯಾಲ್ ರಿಲೇ ಸಂಸ್ಥೆ ಹೂವಿನಂಗಡಿ, ದಿನಸಿ ಅಂಗಡಿಗಳನ್ನೇ ಪೊಟ್ಟಣ ವಿತರಿಸುವ ಕೇಂದ್ರಗಳನ್ನಾಗಿ ಮಾಡಿಕೊಂಡು ಬೆಳೆಯಿತು. ಅಂಗಡಿಯವರಿಗೆ ಪೊಟ್ಟಣಕ್ಕಿಷ್ಟೆಂದು ಸಂಭಾವನೆ. ಲಾಕರಿನಿಂದಲೇ ಹೆಸರಾದ ಇನ್‌ಪೋಸ್ಟ್ 2021ರಲ್ಲಿ ಈ ಸಂಸ್ಥೆಯನ್ನು ಕೊಂಡುಕೊಂಡದ್ದು ಅರ್ಥಪೂರ್ಣ. ಪೊಟ್ಟಣ ಒಯ್ಯಲು ಬಂದವರು ಬರಿಗೈಯಲ್ಲಿ ಹೋಗುವುದು ಅಪರೂಪ; ಒಂದು ಸೋಪೋ, ಪಾವು ಕೆ.ಜಿ. ಸಕ್ಕರೆಯೋ ಮಾರಾಟವಾಗುತ್ತದೆ. ನಮ್ಮ ಕಿರಾಣಿ ವರ್ತಕರು ಇಂತಹ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಪೊಟ್ಟಣ ಕಳೆದರೆ ಹೊಣೆ ಯಾರದು, ಯಾರೂ ಒಯ್ಯದ ಸರಕನ್ನು ಎಷ್ಟು ದಿನ ಇಟ್ಟುಕೊಳ್ಳಬೇಕು, ಒಂದೇ ಕಂಪನಿಗೆ ಕಟ್ಟುಬೀಳಬೇಕೇ ಎಂಬ ಮೂರು ಅಂಶಗಳನ್ನು ಲಿಖಿತವಾಗಿ ಖಚಿತಪಡಿಸಿಕೊಳ್ಳುವುದು ಅಗತ್ಯ. ಕೊನೆಯ ಅಂಶವಂತೂ ನಿರ್ಣಾಯಕ. ಸಿಂಗಪುರದಲ್ಲಿ ಸರ್ಕಾರವೇ ಮುಂದಾಗಿ 2021ರಲ್ಲಿ ಎಲ್ಲ ಕೊರಿಯರ್ ಸಂಸ್ಥೆಗಳೂ ಬಳಸಬಹುದಾದ 'ಪಿಕ್' ಎಂಬ ಲಾಕರ್ ಜಾಲವನ್ನು ತೆರೆಯಿತು. ಕಂಪನಿಗೊಂದು ಕಪಾಟು ನಿಂತರೆ ಅರ್ಧ ಖಾಲಿಯಾದ ಹತ್ತು ಕಪಾಟುಗಳಾಗುತ್ತವೆ; ಅವುಗಳ ವೆಚ್ಚ ಮಾರಾಟಗಾರರ ಶುಲ್ಕಕ್ಕೇ ಸೇರುತ್ತದೆ. ಸಮಾನ ಬಳಕೆಯ ಜಾಲಕ್ಕಾಗಿ ವಾಣಿಜ್ಯ ಸಂಸ್ಥೆಗಳು ಈಗಲೇ ಒತ್ತಾಯಿಸುವುದು ಉಚಿತ.

ಇನ್ನು ತಯಾರಕರ ವಿಚಾರ. ತಗಡು ಕತ್ತರಿಸುವುದು, ಬಾಗಿಸುವುದು, ಪೌಡರ್ ಕೋಟಿಂಗ್, ವಿದ್ಯುನ್ಮಾನ ಬೀಗ, ನಿಯಂತ್ರಕ ಫಲಕ. ಲಾಕರಿಗೆ ಬೇಕಾದ ಇವೆಲ್ಲವೂ ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಿಗೆ ಪರಿಚಿತವಾದ ಕೆಲಸಗಳೇ. ಸವಾಲಿರುವುದು ಬಾಳಿಕೆಯಲ್ಲಿ. ಬಿಸಿಲು ಮಳೆಯಲ್ಲಿ ನಿಂತು ಸಾವಿರಾರು ಬಾರಿ ತೆರೆದು ಮುಚ್ಚುವ ಬಾಗಿಲು ಸೊಟ್ಟಗಾಗಬಾರದು, ವಿದ್ಯುತ್ ಹೋದಾಗ ಬೀಗ ತಾನಾಗಿ ಬಿಚ್ಚಿಕೊಳ್ಳಬಾರದು, ಸರಿಯಾಗಿ ಮುಚ್ಚದ ಬಾಗಿಲನ್ನು ಯಂತ್ರವೇ ಗುರುತಿಸಬೇಕು. ಪೋಲೆಂಡಿನಲ್ಲಿ ಈಚೆಗೆ ಪರದೆಯೂ ಇಲ್ಲದ, ವಿದ್ಯುತ್ ಸಂಪರ್ಕವೂ ಬೇಡದ, ಬ್ಯಾಟರಿಯಿಂದ ನಡೆದು ಗ್ರಾಹಕರ ಮೊಬೈಲಿನಿಂದಲೇ ತೆರೆಯುವ ಲಾಕರುಗಳೂ ಬಂದಿವೆ. ರಸ್ತೆ ಅಗೆಯಲು ಅನುಮತಿ, ಮೀಟರಿಗೆ ಅರ್ಜಿ ಎಂದು ತಿಂಗಳುಗಟ್ಟಲೆ ಕಚೇರಿ ಅಲೆಯಬೇಕಾದ ನಮ್ಮ ನಗರಗಳಲ್ಲಿ ಮೊದಲು ತಯಾರಿಸಿ ನೋಡಬೇಕಾದ ಮಾದರಿ ಇದೇ ಎನಿಸುತ್ತದೆ.