ಮಣ್ಣಿನ ಹಸಿವು, ಮೈಯ ಹಸಿವು

ಮುಂಗಾರಿನ ಆರಂಭದಲ್ಲಿ ಬರುವ ಮಣ್ಣೆತ್ತಿನ ಅಮಾವಾಸ್ಯೆಯಂದು ಉತ್ತರ ಕರ್ನಾಟಕದ ಮನೆಮನೆಗೂ ಹಸಿಮಣ್ಣಿನ ಜೋಡೆತ್ತುಗಳು ಬರುತ್ತವೆ. ಅವುಗಳನ್ನು ಜಗುಲಿಯ ಮೇಲಿರಿಸಿ ಪೂಜಿಸಿ, ಹೋಳಿಗೆಯ ಎಡೆ ಹಿಡಿಯುವುದು ನಮ್ಮ ಹಿರಿಯರಿಂದ ನಡೆದುಬಂದ ಪದ್ಧತಿ. ಅನ್ನ ನೀಡುವ ಮಣ್ಣಿಗೆ ಕೃತಜ್ಞತೆ ಸಲ್ಲಿಸುವ ಈ ಪದ್ಧತಿ ಅರ್ಥಪೂರ್ಣವಾದುದು. ಆದರೆ ವರ್ಷದ ಉಳಿದ ದಿನಗಳಲ್ಲಿ ಆ ಮಣ್ಣಿನ ಆರೋಗ್ಯವನ್ನು ನಾವು ಎಷ್ಟು ವಿಚಾರಿಸುತ್ತೇವೆ? ಆರೋಗ್ಯದ ಅಂಕಣದಲ್ಲಿ ಹೊಲದ ಮಾತೇಕೆ ಎಂದು ಓದುಗ ಬಂಧುಗಳಿಗೆ ಅನಿಸಬಹುದು. ಮನುಷ್ಯನು ತಿನ್ನುವ ಆಹಾರದಲ್ಲಿ ಶೇಕಡಾ 95ರಷ್ಟು ನೇರವಾಗಿಯೋ ಪರೋಕ್ಷವಾಗಿಯೋ ಮಣ್ಣಿನಿಂದಲೇ ಬರುತ್ತದೆ. ಮಣ್ಣಿನಲ್ಲಿ ಇಲ್ಲದ ಸತ್ವವು ಕಾಳಿಗೆ ಬರಲಾರದು. ಕಾಳಿನಲ್ಲಿ ಇಲ್ಲದ್ದು ರೊಟ್ಟಿಗೆ ಬರಲಾರದು.

ಎರಡು ಶೋಧಗಳು

ಈ ಸಂಬಂಧವನ್ನು ಅರಿಯಲು ಸತು ಎಂಬ ಒಂದೇ ಧಾತುವಿನ ಕಥೆ ಸಾಕು. ಬಿಹಾರದ ಬಕ್ಸರ್‌ನಲ್ಲಿ ಜನಿಸಿದ ವೈದ್ಯ ಆನಂದ ಪ್ರಸಾದ್ ಅವರು 1958ರಲ್ಲಿ ಇರಾನಿನ ಶಿರಾಜ್ ನಗರದಲ್ಲಿ ಸೇವೆಯಲ್ಲಿದ್ದಾಗ ಒಬ್ಬ ರೋಗಿಯನ್ನು ಕಂಡರು. ವಯಸ್ಸು 21, ನೋಡಲು 10 ವರ್ಷದ ಬಾಲಕ. ತೀವ್ರ ರಕ್ತಹೀನತೆ, ಕುಂಠಿತ ಬೆಳವಣಿಗೆ. ಆತನ ಆಹಾರದ ಬಹುಪಾಲು ಗೋಧಿ ರೊಟ್ಟಿಯಾಗಿತ್ತು. ಜೊತೆಗೆ ಮಣ್ಣು ತಿನ್ನುವ ಅಭ್ಯಾಸವೂ ಇತ್ತು. ಮುಂದೆ ಈಜಿಪ್ಟಿನಲ್ಲಿ ಇಂತಹುದೇ ಯುವಕರನ್ನು ಪರೀಕ್ಷಿಸಿದಾಗ ಅವರಲ್ಲಿ ಸತುವಿನ ಕೊರತೆ ಇರುವುದು ಖಚಿತವಾಯಿತು. ಸತುವನ್ನು ನೀಡಿದಾಗ ಅವರು ಬೆಳೆಯತೊಡಗಿದರು. ಅಲ್ಲಿಯವರೆಗೆ ಮನುಷ್ಯನಿಗೆ ಸತುವಿನ ಕೊರತೆ ಉಂಟಾಗಬಲ್ಲದೆಂದು ವೈದ್ಯಲೋಕವು ನಂಬಿರಲಿಲ್ಲ.

ಅದೇ ದಶಕದಲ್ಲಿ, ಹಿಮಾಲಯದ ತಪ್ಪಲಿನ ಪಂತನಗರದಲ್ಲಿ ಭತ್ತದ ಗರಿಗಳು ತುಕ್ಕಿನ ಬಣ್ಣಕ್ಕೆ ತಿರುಗಿ ಪೈರು ಕುಗ್ಗುತ್ತಿತ್ತು. ‘ಖೈರಾ’ ಎಂದು ಕರೆಯಲಾದ ಈ ಬಾಧೆಯನ್ನು ಅಧ್ಯಯನ ಮಾಡಿದ ವಿಜ್ಞಾನಿ ವೈ.ಎಲ್. ನೆನೆ ಅವರು, ಇದು ಕೀಟದಿಂದಾಗಲಿ ಸೋಂಕಿನಿಂದಾಗಲಿ ಬಂದುದಲ್ಲ, ಸತುವಿನ ಕೊರತೆಯಿಂದ ಬಂದುದು ಎಂದು 1966ರಲ್ಲಿ ತಿಳಿಸಿದರು. ಸತುವಿನ ಸಲ್ಫೇಟನ್ನು ಸಿಂಪಡಿಸಿದಾಗ ಪೈರು ಚೇತರಿಸಿಕೊಂಡಿತು.

ಸತು ಕಡಿಮೆಯಾದ ದೇಹದಲ್ಲಿ ಮಕ್ಕಳ ಬೆಳವಣಿಗೆ ಕುಂಠಿತವಾಗುತ್ತದೆ, ಗಾಯ ಬೇಗ ಮಾಯುವುದಿಲ್ಲ, ನಾಲಿಗೆಗೆ ರುಚಿ ತಿಳಿಯುವುದಿಲ್ಲ, ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ಹೊಟ್ಟೆ ತುಂಬಿದ್ದರೂ ದೇಹವು ಹಸಿದೇ ಇರುವ ಈ ಸ್ಥಿತಿಯನ್ನು ‘ಗುಪ್ತ ಹಸಿವು’ ಎನ್ನುತ್ತಾರೆ. ಧಾನ್ಯದ ಹೊಟ್ಟಿನಲ್ಲಿರುವ ಫೈಟೇಟ್ ಎಂಬ ಅಂಶವು ಇರುವ ಸತುವನ್ನೂ ದೇಹಕ್ಕೆ ಸೇರಗೊಡುವುದಿಲ್ಲ. ಹೀಗಿರಲು ಧಾನ್ಯದಲ್ಲಿಯೇ ಸತು ಕಡಿಮೆಯಾದರೆ, ರೊಟ್ಟಿ ಅನ್ನಗಳನ್ನೇ ನೆಚ್ಚಿದ ಬಡ ಕುಟುಂಬಗಳಿಗೆ ಎರಡು ಕಡೆಯಿಂದಲೂ ನಷ್ಟ.

ನಮ್ಮ ಹೊಲಗಳ ಸ್ಥಿತಿ

2009ರಲ್ಲಿ ಕರ್ನಾಟಕ ಸರ್ಕಾರವು ಹೈದರಾಬಾದ್ ಸಮೀಪದ ಇಕ್ರಿಸ್ಯಾಟ್ ಸಂಸ್ಥೆಯೊಡನೆ ‘ಭೂಚೇತನ’ ಯೋಜನೆಯನ್ನು ಆರಂಭಿಸಿತು. ರೈತರ ಹೊಲಗಳಿಂದ ತಂದ ಮಣ್ಣನ್ನು ಪರೀಕ್ಷಿಸಿದಾಗ ಅನೇಕ ಜಿಲ್ಲೆಗಳಲ್ಲಿ ಸತು, ಬೋರಾನ್ ಮತ್ತು ಗಂಧಕದ ಕೊರತೆ ಕಂಡುಬಂದಿತು. ಕಾರಣಗಳು ಹಲವು. ಪ್ರತಿ ಸುಗ್ಗಿಯೂ ಮಣ್ಣಿನಿಂದ ಒಂದಿಷ್ಟು ಸತುವನ್ನು ಒಯ್ಯುತ್ತದೆ. ನಾವು ಮರಳಿ ಕೊಡುವುದು ಯೂರಿಯಾ ಮತ್ತು ಡಿಎಪಿ ಮಾತ್ರ. ರಂಜಕದ ಗೊಬ್ಬರ ಅತಿಯಾದರೆ ಬೆಳೆಯು ಸತುವನ್ನು ಹೀರಿಕೊಳ್ಳುವುದೂ ಕಡಿಮೆಯಾಗುತ್ತದೆ. ಸುಣ್ಣದಂಶ ಹೆಚ್ಚಿರುವ ಎರೆಭೂಮಿಯಲ್ಲಿ ಸತು ಬೇರಿಗೆ ಸುಲಭವಾಗಿ ದಕ್ಕುವುದಿಲ್ಲ. ಹಟ್ಟಿಯಲ್ಲಿ ದನಗಳು ಕಡಿಮೆಯಾದಂತೆ ತಿಪ್ಪೆಯೂ ಕರಗಿತು. ಮಣ್ಣಿಗೆ ಜೀವ ತುಂಬುವ ಸಾವಯವ ಅಂಶವೂ ಇಳಿಯಿತು.

ಎಲ್ಲಕ್ಕಿಂತ ದೊಡ್ಡ ನಷ್ಟವೆಂದರೆ ಮೇಲ್ಮಣ್ಣಿನ ಸವಕಳಿ. ಎರಡು ಮೂರು ಸೆಂಟಿಮೀಟರ್ ಮಣ್ಣು ರೂಪುಗೊಳ್ಳಲು 1,000 ವರ್ಷಗಳವರೆಗೆ ಬೇಕಾಗಬಹುದು. ಹಿಂಗಾರಿ ಬಿತ್ತನೆಗೆಂದು ಮುಂಗಾರಿನಲ್ಲಿ ಬರಿದಾಗಿ ಬಿಟ್ಟ ಎರೆಹೊಲದಿಂದ ಒಂದು ಬಿರುಮಳೆಯು ಅದನ್ನು ಗಂಟೆಗಳಲ್ಲಿ ಹಳ್ಳಕ್ಕೆ ಸಾಗಿಸುತ್ತದೆ. ಮೊದಲು ಕೊಚ್ಚಿಹೋಗುವುದು ಸತ್ವ ಹೆಚ್ಚಿರುವ ಮೇಲಿನ ಪದರವೇ.

ನೀರು ಅತಿಯಾದರೂ ಮಣ್ಣು ಕೆಡುತ್ತದೆ. 1953ರಿಂದ ನೀರು ಹರಿಸುತ್ತಿರುವ ತುಂಗಭದ್ರಾ ಯೋಜನೆಯ ಅಚ್ಚುಕಟ್ಟಿನಲ್ಲಿ ಬಹುಪಾಲು ಭೂಮಿಯನ್ನು ಕಡಿಮೆ ನೀರಿನ ಬೆಳೆಗಳಿಗೆಂದು ಗೊತ್ತುಪಡಿಸಲಾಗಿತ್ತು. ಅಲ್ಲಿ ಭತ್ತ ಹಬ್ಬಿತು. ನಿಂತ ನೀರಿನಿಂದ ಅಂತರ್ಜಲ ಮೇಲೇರಿತು. ಅದರೊಡನೆ ಬಂದ ಲವಣವು ನೀರು ಆವಿಯಾದ ಮೇಲೆ ನೆಲದ ಮೇಲೆಯೇ ಉಳಿಯಿತು. ಗಂಗಾವತಿ, ಸಿಂಧನೂರು, ಸಿರುಗುಪ್ಪ ಭಾಗಗಳಲ್ಲಿ ಸವಳು ಜವಳಾದ ಹೊಲಗಳ ಕಥೆ ಇದು.

ಕಾಪಾಡುವ ಬಗೆ

ಮೊದಲನೆಯದು ಪರೀಕ್ಷೆ. ಸುಗ್ಗಿ ಮುಗಿದ ಮೇಲೆ, ಗೊಬ್ಬರ ಹಾಕುವ ಮುನ್ನ, ಹೊಲದ ಎಂಟು ಹತ್ತು ಕಡೆ ಆರು ಅಂಗುಲ ಆಳದ ಗುಂಡಿ ತೋಡಿ, ಅದರ ಗೋಡೆಯುದ್ದಕ್ಕೂ ತೆಳುವಾಗಿ ಮಣ್ಣನ್ನು ಕೆರೆದುಕೊಳ್ಳಬೇಕು. ಬದು, ಮರದ ನೆರಳು, ತಿಪ್ಪೆ ಹಾಕಿದ ಜಾಗಗಳನ್ನು ಬಿಡಬೇಕು. ಎಲ್ಲವನ್ನೂ ಬೆರೆಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡನ್ನು ತೆಗೆಯುತ್ತ, ಅರ್ಧ ಕಿಲೋ ಉಳಿಸಿ ರೈತ ಸಂಪರ್ಕ ಕೇಂದ್ರಕ್ಕೆ ಒಪ್ಪಿಸಬೇಕು. ಸತುವಿನ ಲೇಪವಿರುವ ತಗಡಿನ ಬಕೆಟ್ ಬಳಸಿದರೆ ಫಲಿತಾಂಶವೇ ತಪ್ಪಾದೀತು. ಮಣ್ಣು ಆರೋಗ್ಯ ಚೀಟಿಯಲ್ಲಿ ಸಾವಯವ ಇಂಗಾಲವು ಶೇಕಡಾ 0.5ಕ್ಕಿಂತ ಕಡಿಮೆಯಿದ್ದರೆ ಆ ಭೂಮಿ ಸೊರಗಿದೆಯೆಂದೇ ತಿಳಿಯಬೇಕು. ಸತುವಿನ ಕೊರತೆಯಿದ್ದಲ್ಲಿ ಸತುವಿನ ಸಲ್ಫೇಟನ್ನು ಚೀಟಿಯ ಸಲಹೆಯಷ್ಟೇ ಹಾಕಬೇಕು, ಡಿಎಪಿಯೊಡನೆ ಬೆರೆಸಬಾರದು.

ಎರಡನೆಯದು ತಡೆ. ಇಳಿಜಾರಿಗೆ ಅಡ್ಡಲಾಗಿ ಬದು ಹಾಕುವುದು, ಅಡ್ಡಲಾಗಿಯೇ ಉಳುವುದು, ವಿಜಯಪುರದ ಕಡೆಯ ಎರೆಹೊಲಗಳಲ್ಲಿ ಮಾಡುವಂತೆ ಚೌಕುಮಡಿ ಕಟ್ಟಿ ಬಿದ್ದ ಮಳೆಯನ್ನು ಅಲ್ಲಲ್ಲಿಯೇ ಇಂಗಿಸುವುದು. ಇವು ಮಣ್ಣನ್ನೂ ತೇವವನ್ನೂ ಒಟ್ಟಿಗೆ ಉಳಿಸುತ್ತವೆ.

ಮೂರನೆಯದು ಮರುಪಾವತಿ. ಬೆಳೆಯ ಕೂಳೆ, ರವದಿಗೆ ಬೆಂಕಿಯಿಡದೆ ಮಣ್ಣಿಗೆ ಸೇರಿಸಬೇಕು. ಕೊಟ್ಟಿಗೆ ಗೊಬ್ಬರ, ಎರೆಹುಳು ಗೊಬ್ಬರ, ಹೂ ಬಿಡುವ ಹೊತ್ತಿಗೆ ಮಗುಚಿದ ಸೆಣಬು ಅಥವಾ ಡಯಂಚ, ಹೊಲದಲ್ಲಿ ರಾತ್ರಿ ನಿಲ್ಲಿಸಿದ ಕುರಿಮಂದೆ, ಇವೆಲ್ಲವೂ ಆ ಋಣವನ್ನು ತೀರಿಸುವ ಬಗೆಗಳು. ಜೋಳದೊಡನೆ ತೊಗರಿ, ಕಡಲೆ, ಹೆಸರಿನಂತಹ ದ್ವಿದಳ ಬೆಳೆಗಳಿಗೂ ಸರದಿ ಇರಲಿ.

ಸವಳು ಜವಳಾದ ಭೂಮಿಗೆ ಹೆಚ್ಚು ಗೊಬ್ಬರ ಸುರಿಯುವುದು ವ್ಯರ್ಥ. ಬಸಿಗಾಲುವೆ ತೆಗೆದು ನೀರನ್ನು ಹೊರಹಾಕಬೇಕು; ಕ್ಷಾರ ಭೂಮಿಯಾದರೆ ಪರೀಕ್ಷೆಯ ಪ್ರಕಾರ ಜಿಪ್ಸಂ ಬೇಕು. ಈ ವಿಷಯದಲ್ಲಿ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದ ಮಾರ್ಗದರ್ಶನ ಲಭ್ಯವಿದೆ.

ಅಡುಗೆಮನೆಯ ಪಾಲು

ಹೊಲ ಸುಧಾರಿಸುವವರೆಗೂ ಮನೆಯಲ್ಲಿ ಮಾಡಬಹುದಾದುದು ಇದೆ. ಕಾಳುಗಳನ್ನು ನೆನೆಸಿ ಮೊಳಕೆ ಬರಿಸಿದರೆ, ಹಿಟ್ಟನ್ನು ಹುದುಗಿಸಿದರೆ ಫೈಟೇಟ್ ತಗ್ಗುತ್ತದೆ. ಮಡಿಕೆ, ಹೆಸರಿನ ಮೊಳಕೆಕಾಳು, ಎಳ್ಳು ಹಾಗೂ ಶೇಂಗಾ ಚಟ್ನಿಪುಡಿ, ಕುಂಬಳ ಬೀಜ ಇವು ರೊಟ್ಟಿಯ ಜೊತೆಗಿರಲಿ. ಮಕ್ಕಳಿಗೆ ಭೇದಿಯಾದಾಗ ಓಆರ್‌ಎಸ್ ಜೊತೆಗೆ ಸತುವಿನ ಮಾತ್ರೆಯನ್ನು ಏಕೆ ಕೊಡುತ್ತಾರೆ ಎಂಬುದು ಈಗ ಓದುಗರಿಗೆ ತಿಳಿದಿದೆ. ವೈದ್ಯರು ಹೇಳಿದಷ್ಟು ದಿನವೂ ಅದನ್ನು ತಪ್ಪದೆ ಕೊಡಬೇಕು.

ಮುಂದಿನ ಮಣ್ಣೆತ್ತಿನ ಅಮಾವಾಸ್ಯೆಯೊಳಗೆ ಹೊಲದ ಮಣ್ಣನ್ನು ಎರಡು ಸಲ ಮನೆಗೆ ತರೋಣ. ಮೊದಲ ಹಿಡಿ ಪರೀಕ್ಷೆಗೆ, ಎರಡನೆಯದು ಪೂಜೆಗೆ.