ಯಾರನ್ನು ಯಾವ ಕೆಲಸಕ್ಕೆ ಆರಿಸುತ್ತೇವೆ?



ದಸರೆಯ ಹೊತ್ತಿಗೆ ದೇವರಗುಡ್ಡದಲ್ಲಿ ಕಾರ್ಣಿಕ ನಡೆಯುವುದನ್ನು ನೀವು ಕಂಡಿದ್ದೀರಿ. ಗೊರವಯ್ಯನು ಬಿಲ್ಲನ್ನೇರಿ "ಸದ್ದಲೇ" ಎಂದೊಡನೆ ನೆರೆದ ಜನರೆಲ್ಲ ಸುಮ್ಮನಾಗುತ್ತಾರೆ. ಒಂದೇ ಒಂದು ಮಾತು ಕೇಳಿಬರುತ್ತದೆ. ಮಳೆ ಹೇಗೆ, ಬೆಳೆ ಹೇಗೆ, ರಾಜ್ಯಭಾರ ಹೇಗೆ ಎಂದು ಆ ಮಾತಿಗೆ ಅರ್ಥ ಹಚ್ಚುತ್ತ ನಾವು ಊರಿಗೆ ಮರಳುತ್ತೇವೆ. ಅದು ದೈವವಾಣಿ ಎಂಬುದು ನಂಬಿಕೆ. ಅದಕ್ಕೆ ಮರುಪ್ರಶ್ನೆ ಹಾಕುವ ರೂಢಿಯಿಲ್ಲ.

ಆದರೆ ಚುನಾವಣೆ ಬಂದಾಗ ಬಾಗಿಲಿಗೆ ಬಂದು ಕೈಮುಗಿಯುವ ಅಭ್ಯರ್ಥಿಯ ಮಾತು ಕಾರ್ಣಿಕವಲ್ಲ. ಅದಕ್ಕೆ ಮರುಪ್ರಶ್ನೆ ಹಾಕಬಹುದು, ಹಾಕಲೇಬೇಕು. ಯಾವ ಪ್ರಶ್ನೆಯನ್ನು ಯಾರಿಗೆ ಹಾಕಬೇಕು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಮೂರು ಮತ, ಮೂರು ಕೆಲಸ

ನಾವು ಮುಖ್ಯವಾಗಿ ಮೂರು ಸಭೆಗಳಿಗೆ ಜನರನ್ನು ಆರಿಸಿ ಕಳಿಸುತ್ತೇವೆ: ಗ್ರಾಮ ಪಂಚಾಯತಿ, ವಿಧಾನಸಭೆ, ಲೋಕಸಭೆ. ಬೆರಳಿಗೆ ಹಚ್ಚುವ ಶಾಯಿ ಒಂದೇ ಆದರೂ ಈ ಮೂವರ ಕೆಲಸ ಒಂದೇ ಅಲ್ಲ. ಬಡಿಗನ ಕೆಲಸವನ್ನು ಕಮ್ಮಾರನಿಗೆ ಹೇಳಿದರೆ ಕೂರಿಗೆ ಸಿದ್ಧವಾಗುವುದಿಲ್ಲ. ಲೋಕಸಭೆಗೆ ನಿಂತವರಿಗೆ ಓಣಿಯ ಚರಂಡಿಯ ಮಾತು, ಪಂಚಾಯತಿಗೆ ನಿಂತವರಿಗೆ ದೇಶದ ಮಾತು ಕೇಳಿದರೆ ಎರಡೂ ಕಡೆ ಉತ್ತರ ಸಿಗುವುದಿಲ್ಲ. ಉತ್ತರ ಕೊಡದೆ ಪಾರಾಗಬೇಕೆನ್ನುವವರಿಗೆ ಇದು ಬಹಳ ಅನುಕೂಲ.

ಪಂಚಾಯತಿಗೆ ನಿಂತವರಿಗೆ

1993ರ ಕರ್ನಾಟಕ ಪಂಚಾಯತ್ ರಾಜ್ ಕಾಯಿದೆಯಂತೆ ಸುಮಾರು 400 ಜನಸಂಖ್ಯೆಗೆ ಒಬ್ಬರಂತೆ ಪಂಚಾಯತಿ ಸದಸ್ಯರಿರುತ್ತಾರೆ. ಈ ಚುನಾವಣೆಯಲ್ಲಿ ಪಕ್ಷದ ಚಿಹ್ನೆಯಿಲ್ಲ. ಕಾರಣವೂ ಸರಳ. ನಳದ ನೀರಿಗೆ, ಬೀದಿದೀಪಕ್ಕೆ, ಗಟಾರಿಗೆ ಪಕ್ಷವಿಲ್ಲ.

ಅವರನ್ನು ಹೀಗೆ ಕೇಳಿರಿ: "ನೀರು ಎಷ್ಟು ದಿನಕ್ಕೊಮ್ಮೆ ಬರುವಂತೆ ಮಾಡುವಿರಿ? ಗ್ರಾಮಸಭೆಯನ್ನು ಕಾಗದದ ಮೇಲೆ ಮುಗಿಸದೆ ಡಂಗುರ ಸಾರಿ ಕೂಡಿಸುವಿರಾ? ಮನೆ ಮಂಜೂರಾದವರ ಯಾದಿಯನ್ನು ಸಭೆಯಲ್ಲಿ ಎಲ್ಲರಿಗೂ ಕೇಳುವಂತೆ ಓದುವಿರಾ?" 2010ರಿಂದ ನಮ್ಮ ರಾಜ್ಯದ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಆರಿಸಿ ಬಂದ ತಾಯಿ ತಾನೇ ಕುರ್ಚಿಯಲ್ಲಿ ಕುಳಿತು ಮಾತಾಡುವಳೋ, ಯಜಮಾನರು ಅವಳ ಪರವಾಗಿ ಮಾತಾಡುವರೋ ಎಂಬುದನ್ನೂ ಮೊದಲೇ ಕೇಳಬೇಕು.

ವಿಧಾನಸಭೆಗೆ ನಿಂತವರಿಗೆ

ನೀರಾವರಿ, ಶಾಲೆ, ಆಸ್ಪತ್ರೆ, ಪಂಪ್‌ಸೆಟ್ಟಿನ ವಿದ್ಯುತ್ತು, ಕೃಷಿ ಮಾರುಕಟ್ಟೆ, ಪೊಲೀಸು, ಕಂದಾಯ, ಇವೆಲ್ಲ ರಾಜ್ಯ ಸರಕಾರದ ಕೈಯಲ್ಲಿರುವ ವಿಷಯಗಳು. ತುಂಗಾ ಮೇಲ್ದಂಡೆ ಯೋಜನೆಯ ಕಾಲುವೆ ಶಿವಮೊಗ್ಗದ ಗಾಜನೂರಿನಿಂದ ನಮ್ಮ ಜಿಲ್ಲೆಯವರೆಗೆ ಬಂದಿದೆ. ಕಾಲುವೆ ಬಂದರೆ ಸಾಲದು, ನೀರು ಕಾಲುವೆಯ ಕೊನೆಯ ಹೊಲಕ್ಕೂ ಮುಟ್ಟಬೇಕು. ಹೂಳು ತೆಗೆಸುವುದು, ಒಡೆದ ಕಾಲುವೆ ಕಟ್ಟಿಸುವುದು, ಜಮೀನು ಕಳೆದುಕೊಂಡವರಿಗೆ ಪರಿಹಾರ ಕೊಡಿಸುವುದು ರಾಜ್ಯದ ಹೊಣೆ. ಹಾಗೆಯೇ 1974ರಲ್ಲಿ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳ ಅಭಯಾರಣ್ಯವಾಯಿತು. ಮೃಗವೂ ಬದುಕಬೇಕು, ರೈತನೂ ಬದುಕಬೇಕು. ಬೆಳೆ ಮೇಯ್ದುಹೋದಾಗ ಪರಿಹಾರ ಎಷ್ಟು ದಿನದಲ್ಲಿ ಸಿಗಬೇಕೆಂಬುದು ಶಾಸಕರಾಗುವವರಿಗೆ ಹಾಕುವ ಪ್ರಶ್ನೆ.

ಇನ್ನೊಂದು ಪ್ರಶ್ನೆಯನ್ನು ರಾಣೆಬೆನ್ನೂರಿನ ಮತದಾರರು ಅನುಭವದಿಂದ ಕಲಿತಿದ್ದಾರೆ. 2018ರ ಮೇ ತಿಂಗಳಲ್ಲಿ ಇಲ್ಲಿಂದ ಆರಿಸಿದ ಶಾಸಕರ ಸದಸ್ಯತ್ವ ಮರುವರ್ಷ ಅನರ್ಹವಾಯಿತು. 2019ರ ಡಿಸೆಂಬರ್ 5ರಂದು ಜನ ಮತ್ತೆ ಮತಗಟ್ಟೆಗೆ ನಡೆಯಬೇಕಾಯಿತು. ಪಕ್ಷ ಯಾವುದೇ ಇರಲಿ, "ಐದು ವರ್ಷ ಕೊಟ್ಟ ಮಾತಿಗೆ ನಿಲ್ಲುವಿರಾ?" ಎಂದು ಮುಖ ನೋಡಿ ಕೇಳುವುದರಲ್ಲಿ ತಪ್ಪಿಲ್ಲ.

ಲೋಕಸಭೆಗೆ ನಿಂತವರಿಗೆ

ಹಾವೇರಿ ಲೋಕಸಭಾ ಕ್ಷೇತ್ರ 2008ರ ಪುನರ್‌ವಿಂಗಡಣೆಯಲ್ಲಿ ಆಯಿತು. ನಮ್ಮ ಜಿಲ್ಲೆಯ ಐದು ಮತ್ತು ಗದಗ ಜಿಲ್ಲೆಯ ಮೂರು ವಿಧಾನಸಭಾ ಕ್ಷೇತ್ರಗಳು ಅದರಲ್ಲಿವೆ. ರೈಲು, ರಾಷ್ಟ್ರೀಯ ಹೆದ್ದಾರಿ, ರಸಗೊಬ್ಬರದ ಹಂಚಿಕೆ, ಆಮದು-ರಫ್ತು, ಬೆಂಬಲ ಬೆಲೆ, ಇವು ಕೇಂದ್ರ ಸರಕಾರದ ವಿಷಯಗಳು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಬೆಳೆ ವಿಮೆಯಲ್ಲಿ ಕೇಂದ್ರ, ರಾಜ್ಯ ಎರಡೂ ಪಾಲುದಾರರು. ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ಹೊಸ ರೈಲುಮಾರ್ಗಕ್ಕೂ ಹಾಗೆಯೇ. ಹಳಿ ಹಾಕುವುದು ರೈಲ್ವೆ, ಜಮೀನು ಒದಗಿಸುವುದು ರಾಜ್ಯ. ಇಂಥ ಕಡೆ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುವುದುಂಟು. ಆದ್ದರಿಂದ ಇಬ್ಬರನ್ನೂ ಕೇಳಬೇಕು, ಆದರೆ ಅವರವರ ಪಾಲಿನ ಕೆಲಸವನ್ನಷ್ಟೇ ಕೇಳಬೇಕು.

ಮೆಣಸಿನಕಾಯಿಯ ಪಾಠ

ಇದನ್ನೆಲ್ಲ ಒಂದು ಉದಾಹರಣೆಯಿಂದ ನೋಡೋಣ. 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಕುಸಿಯಿತು. ನಾನಾ ಊರುಗಳಿಂದ ಮಾಲು ತಂದಿದ್ದ ರೈತರು ಸಿಟ್ಟಿಗೆದ್ದರು. ಮಾರುಕಟ್ಟೆ ಸಮಿತಿಯ ಕಚೇರಿಗೆ, ವಾಹನಗಳಿಗೆ ಬೆಂಕಿ ಬಿತ್ತು. ವರ್ಷದ ದುಡಿಮೆ ಕಣ್ಣೆದುರೇ ಕರಗುವಾಗ ಹೊಟ್ಟೆಯುರಿ ಸಹಜ. ಆದರೆ ಬೆಂಕಿಯಿಂದ ದರ ಏರಲಿಲ್ಲ. ಕೇಸುಗಳು ಮಾತ್ರ ಏರಿದವು.

ಅದಾಗಿ ಎಂಟು ವಾರಕ್ಕೆ, ಮೇ 7ರಂದು, ಇದೇ ಜಿಲ್ಲೆ ಲೋಕಸಭೆಗೆ ಮತ ಹಾಕಿತು. ಆ ಎಂಟು ವಾರಗಳೇ ಪ್ರಶ್ನೆಯ ಕಾಲವಾಗಿತ್ತು. ಗೋವಿನಜೋಳಕ್ಕೆ, ಹತ್ತಿಗೆ ಕೇಂದ್ರ ಸರಕಾರದ ಬೆಂಬಲ ಬೆಲೆಯುಂಟು, ಮೆಣಸಿನಕಾಯಿಗೆ ಇಲ್ಲ. ದರ ಬಿದ್ದಾಗ ಕೇಂದ್ರವು ಮಧ್ಯೆ ಬಂದು ಖರೀದಿಸುವ ಏರ್ಪಾಡನ್ನು ದೆಹಲಿಯಲ್ಲಿ ಕೇಳಬೇಕಾದವರು ಲೋಕಸಭಾ ಸದಸ್ಯರು. ಮಾರುಕಟ್ಟೆಯಲ್ಲಿ ಟೆಂಡರು ಸರಿಯಾಗಿದೆಯೇ, ತೂಕ ಸರಿಯಿದೆಯೇ ಎಂಬುದು ರಾಜ್ಯದ ವಿಷಯ; ಅದು ಶಾಸಕರ ಪಾಲು. ಒಣಗಿಸುವ ಕಣಕ್ಕೂ ಹೊಲದ ದಾರಿಗೂ ಪಂಚಾಯತಿಯನ್ನು ಕೇಳಬೇಕು. ಬೆಳೆ ಒಂದೇ, ಪ್ರಶ್ನೆ ಮೂರು.

ಬೆಂಬಲ ಬೆಲೆ ಇದ್ದ ಮಾತ್ರಕ್ಕೆ ಎಲ್ಲವೂ ಮುಗಿಯಲಿಲ್ಲ. 2025–26ರ ಸಾಲಿಗೆ ಗೋವಿನಜೋಳಕ್ಕೆ ಕ್ವಿಂಟಾಲಿಗೆ 2,400 ರೂಪಾಯಿ ಎಂದು ಸಾರಲಾಗಿತ್ತು. ಪೇಟೆಯಲ್ಲಿ ಅಷ್ಟು ಸಿಗದೆ ರೈತರು ಬೀದಿಗಿಳಿಯಬೇಕಾಯಿತು. ಬೆಲೆ ಸಾರುವುದು ಒಂದು, ಖರೀದಿ ಕೇಂದ್ರ ಸಕಾಲಕ್ಕೆ ತೆರೆಯುವುದು ಇನ್ನೊಂದು. "ಬೆಲೆ ಕೊಡಿಸುತ್ತೇನೆ" ಎನ್ನುವವರಿಗೆ "ಯಾವ ತಿಂಗಳಲ್ಲಿ, ಯಾರ ಮುಖಾಂತರ?" ಎಂದು ಕೇಳಿ ನೋಡಿರಿ. ಕೆಲಸ ಬಲ್ಲವರು ಅಲ್ಲೇ ಗೊತ್ತಾಗುತ್ತಾರೆ.

ಮನುಷ್ಯನನ್ನು ಅರಿಯುವುದು

ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೀರಿ, ಸುಳಿ ನೋಡುತ್ತೀರಿ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೀರಿ. ಅಭ್ಯರ್ಥಿಯನ್ನೂ ಹಾಗೆ ನೋಡಲು ಕಾನೂನು ದಾರಿ ಮಾಡಿಕೊಟ್ಟಿದೆ. 2003ರಿಂದ ವಿಧಾನಸಭೆ, ಲೋಕಸಭೆಗೆ ನಿಲ್ಲುವವರು ತಮ್ಮ ಆಸ್ತಿ, ಸಾಲ, ವಿದ್ಯೆ, ಮೇಲಿರುವ ಕ್ರಿಮಿನಲ್ ಮೊಕದ್ದಮೆಗಳನ್ನು ಪ್ರಮಾಣಪತ್ರದಲ್ಲಿ ಬರೆದು ಕೊಡಲೇಬೇಕು. ಚುನಾವಣಾ ಆಯೋಗ ಅದನ್ನು ಎಲ್ಲರಿಗೂ ತೆರೆದಿಡುತ್ತದೆ. ನಿಮ್ಮ ಮನೆಯ ಓದುವ ಮಕ್ಕಳಿಗೆ ಹೇಳಿ ಮೊಬೈಲಿನಲ್ಲಿ ತೆಗೆಸಿ ಓದಿಸಿಕೊಳ್ಳಿರಿ.

"ಅವರು ನಮ್ಮವರು" ಎಂಬ ಮಾತೂ ಬರುತ್ತದೆ. ಜಾತಿಯವರೆಂಬ ಅಭಿಮಾನ ಮದುವೆ ಮುಂಜಿಯಲ್ಲಿರಲಿ. ಬಿತ್ತನೆಯ ದಿನ ಕೂರಿಗೆ ಹಿಡಿಯಲು ಬಾರದ ಸೋದರಮಾವನನ್ನು ಯಾರೂ ಕರೆಯುವುದಿಲ್ಲ. ಇನ್ನು ಮತದ ಹಿಂದಿನ ರಾತ್ರಿ ಬರುವ ಹಣದ ಮಾತು. ಮತಕ್ಕಾಗಿ ಹಣ ಕೊಡುವುದೂ ಅಪರಾಧ, ಪಡೆಯುವುದೂ ಅಪರಾಧ. ಸಾವಿರ ರೂಪಾಯಿ ಪಡೆದಿರೆನ್ನಿ. ಐದು ವರ್ಷಕ್ಕೆ 1,826 ದಿನ. ದಿನಕ್ಕೆ ಅರವತ್ತು ಪೈಸೆಯೂ ಬೀಳಲಿಲ್ಲ. ಅಷ್ಟಕ್ಕೆ ನಿಮ್ಮ ಪ್ರಶ್ನೆ ಕೇಳುವ ಬಾಯಿಯನ್ನು ಮಾರಿದಂತಾಯಿತು. ಮತ ಗುಟ್ಟಾದುದು, ನೀವು ಯಾರಿಗೆ ಹಾಕಿದಿರೆಂದು ಯಾರೂ ಅರಿಯಲಾರರು. ಈ ಧೈರ್ಯ ನಿಮ್ಮಲ್ಲಿರಲಿ.

ಈಗ ಮಾಡಬೇಕಾದ ಕೆಲಸ

1951–52ರಲ್ಲಿ ಮೊದಲ ಮಹಾಚುನಾವಣೆ ನಡೆದಾಗ ನಮ್ಮ ಸೀಮೆ ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಅನೇಕ ಹಿರಿಯರಿಗೆ ಅಕ್ಷರ ಬರುತ್ತಿರಲಿಲ್ಲ. ಚಿತ್ರದ ಗುರುತು ನೋಡಿ ಮತ ಹಾಕಿದರು. ಇಂದು ನಮಗೆ ಅಕ್ಷರವುಂಟು. ಮುಂದಿನ ಚುನಾವಣೆಗೆ ಕಾಯದೆ, ಒಂದು ಸಂಜೆ ಗುಡಿಯ ಕಟ್ಟೆಯ ಮೇಲೆ ಕೂಡಿರಿ. ಊರಿನ ಐದು ಕುಂದುಕೊರತೆಗಳನ್ನು ಬರೆಯಿರಿ. ಪ್ರತಿಯೊಂದರ ಮುಂದೆ "ಪಂಚಾಯತಿ", "ಶಾಸಕರು", "ಲೋಕಸಭೆ" ಎಂದು ಗುರುತಿಸಿರಿ. ಮತ ಕೇಳಲು ಯಾರೇ ಬರಲಿ, ಹಾರ ಹಾಕುವ ಮುಂಚೆ ಆ ಕಾಗದವನ್ನು ಓದಿರಿ, ಅವರ ಉತ್ತರವನ್ನು ಅದರಲ್ಲೇ ಬರೆದಿಡಿರಿ. ಐದು ವರ್ಷದ ಮೇಲೆ ಅವರು ಮತ್ತೆ ಬಂದಾಗ ಮಾತಾಡಬೇಕಾದುದು ಆ ಕಾಗದವೇ.